ಬೇಸ್‌ಕ್ಯಾಂಪ್‌ನಲ್ಲಿ ಚಾರ್ಮಾಡಿ, ಜೂಮೋದಲ್ಲಿ ಶಿರಾಡಿ: ರೂಟ್ ಯಾಕೆ ಬದಲಾಗುತ್ತೆ?

ಕಾಫಿಘಾಟಿ:
ನನ್ನ ಬೈಕ್ ಜಿಪಿಎಸ್ ಡಿವೈಸ್ ಗಾರ್ಮಿನ್ ಜೂಮೋ ಎಕ್ಸ್‌ಟಿ. ಕಂಪ್ಯೂಟರ್‌ನಲ್ಲಿ ರೂಟ್ ಮಾಡೋ ಗಾರ್ಮಿನ್ ಸಾಫ್ಟ್‌ವೇರ್ ಬೇಸ್‌ಕ್ಯಾಂಪ್‌ನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಹಾಕಿ ನೆಲಮಂಗಲ, ಹಾಸನ, ಬೇಲೂರು, ಮೂಡಿಗೆರೆ, ಚಾರ್ಮಾಡಿ, ಉಜಿರೆ, ಧರ್ಮಸ್ಥಳ ಅಂತ ರೂಟ್ ಮಾಡಿದ್ದೀನಿ. ಪಾಯಿಂಟ್ ಇಟ್ಟಿರೋದು ಚನ್ನರಾಯಪಟ್ಟಣ, ಹಾಸನ, ಧರ್ಮಸ್ಥಳ ಮಾತ್ರ. ಡಿವೈಸ್‌ಗೆ ಕಳಿಸಿದರೆ ಹಾಸನದಿಂದ ಸಕಲೇಶಪುರ, ಶಿರಾಡಿ ಕಡೆ ತಿರುಗಿಸುತ್ತೆ. ಚನ್ನರಾಯಪಟ್ಟಣ ದಾಟಿದ ಮೇಲೆ ಯೂ-ಟರ್ನ್ ಹೊಡಿ ಅನ್ನುತ್ತೆ. ಏನು ಸರಿಮಾಡಬೇಕು?

ನಕ್ಷೆಪುಟ:
ಎರಡೂ ಬೇರೆ ಬೇರೆ ಕಾಯಿಲೆ ಗುರು.

ಬೇಸ್‌ಕ್ಯಾಂಪ್ ರೂಟ್ ಜೊತೆಗೆ ತಾನು ಲೆಕ್ಕ ಹಾಕಿದ ದಾರಿಯ ಸಣ್ಣ ಸಣ್ಣ ಬಿಂದುಗಳನ್ನೂ ಕಳಿಸುತ್ತೆ. ಆದರೆ ಡಿವೈಸ್‌ನ ಮ್ಯಾಪ್ ಬೇರೆ ಇದ್ದರೆ ಅವು ಕೆಲಸಕ್ಕೆ ಬರಲ್ಲ. ಡಿವೈಸ್ ನಿಮ್ಮ ಪಾಯಿಂಟ್‌ಗಳನ್ನಷ್ಟೇ ಹಿಡಿದುಕೊಂಡು, ತನ್ನ ಮ್ಯಾಪ್ ಮೇಲೆ, ತನ್ನ ಸೆಟ್ಟಿಂಗ್ ಪ್ರಕಾರ ಹೊಸದಾಗಿ ದಾರಿ ಹುಡುಕುತ್ತೆ. ಹಾಸನ ಬಿಟ್ಟರೆ ಮುಂದಿನ ಪಾಯಿಂಟ್ ಧರ್ಮಸ್ಥಳ. 'ಫಾಸ್ಟರ್ ಟೈಮ್' ಮೋಡ್‌ಗೆ ಶಿರಾಡಿ ಹೆದ್ದಾರಿ ಸಿಗದೆ ಇನ್ನೇನು ಸಿಗುತ್ತೆ?

ಮೊದಲ ಆಯ್ಕೆ: ಯುಎಸ್‌ಬಿ ಕನೆಕ್ಟ್ ಮಾಡಿ, ಬೇಸ್‌ಕ್ಯಾಂಪ್‌ನಲ್ಲಿ ಡಿವೈಸ್‌ನದೇ ಮ್ಯಾಪ್ ಆರಿಸಿ, ರೂಟ್ ರೀಕ್ಯಾಲ್ಕ್ಯುಲೇಟ್ ಮಾಡಿ. ಅದಾಗದಿದ್ದರೆ ಪಾಯಿಂಟ್ ಹೆಚ್ಚಿಸಿ: ಹಾಸನ–ಬೇಲೂರು ನಡುವೆ ಒಂದು, ಮೂಡಿಗೆರೆ–ಕೊಟ್ಟಿಗೆಹಾರ ನಡುವೆ ಒಂದು, ಘಾಟಿಯಲ್ಲಿ ಒಂದು. ಜಂಕ್ಷನ್ ಮೇಲೆ ಇಡಬೇಡಿ. ತಿರುವು ದಾಟಿ ಎರಡು-ಮೂರು ಕಿ.ಮೀ. ಆಚೆ, ನೆಟ್ಟಗಿರೋ ರಸ್ತೆ ಮೇಲೆ, ಪೂರ್ತಿ ಝೂಮ್ ಮಾಡಿ ಇಡಿ.

ಇವೆಲ್ಲ ಶೇಪಿಂಗ್ ಪಾಯಿಂಟ್ (ದಾರಿಯನ್ನು ಆ ಕಡೆ ಎಳೆಯೋಕಷ್ಟೇ ಇರೋದು, ತಲುಪಿದಾಗ ಅಲರ್ಟ್ ಇಲ್ಲ) ಆಗಿರಲಿ. ರೂಟ್ ಮೇಲೆ ಡಬಲ್ ಕ್ಲಿಕ್, ಪಾಯಿಂಟ್ ಮೇಲೆ ರೈಟ್ ಕ್ಲಿಕ್, 'ಡೋಂಟ್ ಅಲರ್ಟ್ ಆನ್ ಅರೈವಲ್'. ವಯಾ ಪಾಯಿಂಟ್ (ತಲುಪಿದಾಗ ಅಲರ್ಟ್ ಕೊಡೋದು) ಊಟಕ್ಕೋ ಪೆಟ್ರೋಲಿಗೋ ನಿಜವಾಗಿ ನಿಲ್ಲೋ ಕಡೆಗಷ್ಟೇ.

ಎರಡನೇಗೇರ್:
ಯೂ-ಟರ್ನ್ ವಿಷಯ: ಊರ ಹೆಸರು ಹುಡುಕಿ ಪಿನ್ ಹಾಕಿದರೆ ಅದು ಊರೊಳಗೆ ಬೀಳುತ್ತೆ, ನೀವು ಬೈಪಾಸ್‌ನಲ್ಲಿ ಹೋಗ್ತೀರಿ. ಇಲ್ಲಾ, ಡಿವೈಡರ್ ಆಚೆ ಬೆಂಗಳೂರು ಕಡೆ ಬರೋ ಲೇನ್ ಮೇಲೆ ಕೂತಿರುತ್ತೆ. ಎರಡರಲ್ಲೂ ವಯಾ ಪಾಯಿಂಟ್ ಮುಟ್ಟಿಲ್ಲ ಅಂತ ಡಿವೈಸ್ ವಾಪಸ್ ಕರೀತಾನೇ ಇರುತ್ತೆ. ಅಲ್ಲಿ ನಿಲ್ಲೋದಿಲ್ಲ ಅಂದರೆ ಆ ಪಾಯಿಂಟೇ ಬೇಡ, ತೆಗೆದುಬಿಡಿ. ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ 'ಸ್ಕಿಪ್' ಒತ್ತಿ. ಹೊರಡೋ ಮುಂಚೆಯೇ ಅದನ್ನು ಮ್ಯಾಪ್ ಟೂಲ್ಸ್‌ಗೆ ಸೇರಿಸಿಟ್ಟುಕೊಳ್ಳಿ, ಗ್ಲೌಸ್ ಹಾಕಿಕೊಂಡು ಮೆನು ಹುಡುಕೋದು ಹಿಂಸೆ.

ಸೆಟ್ಟಿಂಗ್ಸ್ > ನ್ಯಾವಿಗೇಶನ್‌ನಲ್ಲಿ 'ಆಫ್ ರೂಟ್ ರೀಕ್ಯಾಲ್ಕ್ಯುಲೇಶನ್' ಅನ್ನು 'ಪ್ರಾಂಪ್ಟೆಡ್' ಮಾಡಿ. ಆಗ ಕೇಳದೆ ದಾರಿ ಬದಲಿಸಲ್ಲ. ಅವಾಯ್ಡೆನ್ಸ್ (ಯಾವ ಥರದ ರಸ್ತೆ ಬೇಡ ಅನ್ನೋ) ಪಟ್ಟಿ ಬೇಸ್‌ಕ್ಯಾಂಪ್‌ನಲ್ಲೂ ಡಿವೈಸ್‌ನಲ್ಲೂ ಒಂದೇ ಇರಬೇಕು. ಒಂದು ಕಡೆ ಟೋಲ್ ಬೇಡ ಅಂತಿದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಮತ್ತೆ ಇದೇ ಗೋಳು.

ಕಾಫಿಘಾಟಿ:
ಪಾಯಿಂಟ್ ಬದಲಿಸಿ ಮತ್ತೆ ಕಳಿಸಿದೆ, ಡಿವೈಸ್‌ನಲ್ಲಿ ಹಳೇ ರೂಟೇ ತೋರಿಸ್ತಿದೆ?

ನಕ್ಷೆಪುಟ:
ಇಂಪೋರ್ಟ್ ಆದ ಟ್ರಿಪ್ ಬೇರೆ ಪ್ರತಿ, ಫೈಲ್ ಬದಲಿಸಿದರೆ ಅದು ಬದಲಾಗಲ್ಲ. ಟ್ರಿಪ್ ಪ್ಲಾನರ್‌ನಲ್ಲಿ ಹಳೆಯದನ್ನು ಅಳಿಸಿ, ಹೊಸದಕ್ಕೆ ಬೇರೆ ಹೆಸರು ಕೊಟ್ಟು ಇಂಪೋರ್ಟ್ ಮಾಡಿ. ಜೊತೆಗೆ ಟ್ರ್ಯಾಕ್ (ದಾರಿಯ ಬರೀ ಗೆರೆ) ಕೂಡ ಕಳಿಸಿ, ಬೇರೆ ಬಣ್ಣದಲ್ಲಿ ಮ್ಯಾಪ್ ಮೇಲೆ ತೋರಿಸಿ. ಟ್ರ್ಯಾಕ್ ರೀಕ್ಯಾಲ್ಕ್ಯುಲೇಟ್ ಆಗಲ್ಲ. ರೂಟ್ ಗೆರೆ ಅದನ್ನು ಬಿಟ್ಟು ಎಲ್ಲಿ ಹೊರಗೆ ಹೋಗುತ್ತೋ ಅಲ್ಲೊಂದು ಶೇಪಿಂಗ್ ಪಾಯಿಂಟ್ ಕಡಿಮೆ ಇದೆ ಅಂತ ಲೆಕ್ಕ.