ನುಂಗಲು ನೆರವಾಗುವ ಕುತ್ತಿಗೆಯ ಸ್ನಾಯುಗಳು: ಕನ್ನಡದಲ್ಲಿ ಏನೆನ್ನಬೇಕು?

ಎಲ್ಲರಿಗೂ ನಮಸ್ಕಾರ.

ಲಕ್ವಾ (ಪಾರ್ಶ್ವವಾಯು) ಹೊಡೆದ ಮೇಲೆ ನುಂಗಲು ಕಷ್ಟಪಡುವವರ ಮನೆಯವರಿಗಾಗಿ ಕಲಬುರಗಿಯಲ್ಲಿ ಒಂದು ಕರಪತ್ರ ಬರೆಯುತ್ತಿದ್ದೇನೆ. ರೋಗದ ಹೆಸರಿಗೆ ತೊಂದರೆಯಿಲ್ಲ, ಲಕ್ವಾ ಎಂದರೆ ಇಲ್ಲಿ ಎಲ್ಲರಿಗೂ ಗೊತ್ತು. ತೊಡಕಿರುವುದು ಕುತ್ತಿಗೆಯ ಸ್ನಾಯುಗಳ ವಿಷಯದಲ್ಲಿ.

ಗದ್ದಕ್ಕೂ ಗಂಟಲ ಉಬ್ಬಿಗೂ ನಡುವೆ ಲಾಳದ ಆಕಾರದ ಪುಟ್ಟ ಮೂಳೆಯೊಂದಿದೆ, ಹಯಾಯ್ಡ್. ಬೇರೆ ಯಾವ ಮೂಳೆಯೊಂದಿಗೂ ಅದಕ್ಕೆ ಕೀಲಿಲ್ಲ. ಅದರ ಮೇಲ್ಗಡೆ ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಸ್ನಾಯುಗಳಿವೆ, ಕೆಳಗಡೆಯೂ ಅಷ್ಟೇ. ಗುಟುಕು ಗಂಟಲಿಗೆ ಇಳಿಯುವಾಗ ಮೇಲಿನವು ಮೂಳೆಯನ್ನು ಮೇಲಕ್ಕೂ ಮುಂದಕ್ಕೂ ಎಳೆಯುತ್ತವೆ. ಜೊತೆಗೆ ಧ್ವನಿಪೆಟ್ಟಿಗೆ ಏರುತ್ತದೆ, ಶ್ವಾಸನಾಳದ ಬಾಯಿ ಮುಚ್ಚುತ್ತದೆ, ಅನ್ನನಾಳ ತೆರೆದುಕೊಳ್ಳುತ್ತದೆ. ಇಷ್ಟೂ ಸುಮಾರು 1 ಸೆಕೆಂಡಿನ ಕೆಲಸ. ಗಂಟಲ ಉಬ್ಬಿನ ಮೇಲೆ ಬೆರಳಿಟ್ಟು ಉಗುಳು ನುಂಗಿದರೆ ಅದು ಏರಿ ಇಳಿಯುವುದು ಕೈಗೆ ತಿಳಿಯುತ್ತದೆ.

ಮೇಲಿನ ಗುಂಪನ್ನು ‘ಎತ್ತುವ ಸ್ನಾಯುಗಳು’, ಕೆಳಗಿನದನ್ನು ‘ಇಳಿಸುವ ಸ್ನಾಯುಗಳು’ ಎಂದು ಕರೆಯುವುದು ಸುಲಭ. ಆದರೆ ಕೆಳಗಿನ ಗುಂಪಿನಲ್ಲೇ ಇರುವ ಥೈರೋಹಯಾಯ್ಡ್ ಸ್ನಾಯು ನುಂಗುವಾಗ ಧ್ವನಿಪೆಟ್ಟಿಗೆಯನ್ನು ಮೇಲಕ್ಕೆ ಸೆಳೆಯುತ್ತದೆ. ‘ಇಳಿಸುವ’ ಎಂದರೆ ಅದರ ಮಟ್ಟಿಗೆ ತಪ್ಪಾಗುತ್ತದೆ. ಆದ್ದರಿಂದ ‘ಗದ್ದದಡಿಯ ಸ್ನಾಯುಗಳು’, ‘ಗಂಟಲ ಮುಂದಿನ ಸ್ನಾಯುಗಳು’ ಎಂದು ಜಾಗದ ಮೇಲೆ ಹೆಸರಿಡುವುದೇ ನನಗೆ ಸರಿಯೆನಿಸುತ್ತದೆ. ಮೇಲಿನ ಗುಂಪಿನ ಒಂದೆರಡು ಎಳೆಗಳು ಕಿವಿಯ ಹಿಂದು ಮುಂದಿನಿಂದ ಇಳಿದು ಬರುತ್ತವೆ, ನಿಜ. ಕರಪತ್ರಕ್ಕೆ ಅಷ್ಟು ಸಡಿಲವಿದ್ದರೆ ಅಡ್ಡಿಯಿಲ್ಲ.

‘ಸ್ನಾಯು’ ಎಂಬುದೂ ಪುಸ್ತಕದ ಮಾತೇ. ಜನ ಸ್ನಾಯು ಹಿಡಿದುಕೊಂಡರೂ ‘ನರ ಹಿಡಿದಿದೆ’ ಎನ್ನುತ್ತಾರೆ. ನರದ ದೋಷದಿಂದಲೇ ಸ್ನಾಯು ಸೋತಿರುವ ರೋಗಿಯ ಮುಂದೆ ಎರಡನ್ನೂ ನರವೆಂದರೆ ವಿಷಯವೇ ಕೆಡುತ್ತದೆ. ಮೀನಖಂಡ ಎನ್ನುವಂತೆ ‘ಖಂಡ’ ಎನ್ನೋಣವೆಂದರೆ, ನಮ್ಮ ಕಡೆ ಖಂಡ ಎಂದರೆ ಅಡುಗೆಯ ಮಾಂಸ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ‘ಗಲ್ಲ’ ಎಂಬ ಪದದಲ್ಲಿ. ದಕ್ಷಿಣದ ಕಡೆ ಎಷ್ಟೋ ಜನ ಗದ್ದಕ್ಕೆ ಗಲ್ಲ ಎನ್ನುತ್ತಾರೆ. ಇಲ್ಲಿ ಗಲ್ಲವೆಂದರೆ ಕೆನ್ನೆ. ‘ಗಲ್ಲವನ್ನು ಎದೆಯ ಕಡೆ ಬಾಗಿಸಿ ನುಂಗಿ’ ಎಂದು ಅಚ್ಚಾದರೆ ರೋಗಿ ತಲೆಯನ್ನು ಪಕ್ಕಕ್ಕೆ ಹೊರಳಿಸಿಯಾನು. ತಲೆ ಹೊರಳಿಸಿ ನುಂಗುವುದು ಬೇರೆಯದೇ ಉಪಾಯ: ಮುಖವನ್ನು ಸೋತ ಬದಿಗೆ ತಿರುಗಿಸಿ, ಆಹಾರವನ್ನು ಗಟ್ಟಿಯಿರುವ ಬದಿಯಿಂದ ಇಳಿಸುವುದು. ಯಾರಿಗೆ ಯಾವುದು ಎಂಬುದನ್ನು ಪರೀಕ್ಷಿಸಿ ಹೇಳಬೇಕು. ಒಂದರ ಬದಲು ಇನ್ನೊಂದನ್ನು ಮಾಡಿದರೆ ನೀರು ಶ್ವಾಸನಾಳಕ್ಕೆ ಇಳಿಯಬಹುದು.

ಬೀದರ್, ಹುಮನಾಬಾದ್, ಸುರಪುರ, ಶಹಾಪುರದ ಕಡೆಯವರು ತಿಳಿಸಬೇಕು: ನಿಮ್ಮ ಮನೆಯ ಹಿರಿಯರು ಗದ್ದ ಎಂದೇ ಹೇಳುತ್ತಾರೆಯೇ, ಬೇರೆ ಪದವಿದೆಯೇ? ಸ್ನಾಯುವಿಗೂ ನರಕ್ಕೂ ಬೇರೆ ಬೇರೆ ಪದ ಬಳಸುವವರನ್ನು ಕೇಳಿದ್ದೀರಾ?