ಸಹಾಯ ಬೇಕು: ಮೂತ್ರಕೋಶದ ಕ್ಯಾನ್ಸರ್, ಅಪ್ಪನ ಊಟ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಮೂತ್ರಕೋಶದ ಕ್ಯಾನ್ಸರ್, ಬಿಸಿಜಿ (ಮೂತ್ರಕೋಶದೊಳಗೆ ಬಿಡುವ ಔಷಧ) ಚಿಕಿತ್ಸೆ ನಡೆಯುತ್ತಿದೆ. ಶುಗರ್ ಕಾಯಿಲೆ ಇಲ್ಲ. ಸಕ್ಕರೆಯೇ ಕ್ಯಾನ್ಸರ್‌ಗೆ ಊಟ ಅಂತ ಯಾರೋ ಹೇಳಿದ್ದಕ್ಕೆ ಚಹಾದ ಸಕ್ಕರೆ ಜೊತೆ ಜೋಳದ ರೊಟ್ಟಿಯನ್ನೂ ಬಿಟ್ಟು ಬರೀ ತೊಗರಿ ಬೇಳೆ ಕಟ್ಟು ಕುಡಿಯುತ್ತಿದ್ದಾರೆ, ಅಂಗಿ ಹೆಗಲಿಂದ ಜಾರುವಷ್ಟು ಸೊರಗಿದ್ದಾರೆ. ಕ್ಯಾನ್ಸರ್ ಜೀವಕೋಶಗಳು ಗ್ಲೂಕೋಸನ್ನು ಜಾಸ್ತಿ ಎಳೆದುಕೊಂಡು, ಆಮ್ಲಜನಕ ಇದ್ದರೂ ಅದನ್ನು ಲ್ಯಾಕ್ಟೇಟ್ ಅನ್ನೋ ವಸ್ತುವಾಗಿ ಮಾಡುತ್ತವೆ ಅಂತ ಜರ್ಮನ್ ವಿಜ್ಞಾನಿ ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲೇ ಗುರುತಿಸಿದ್ದು ನಿಜ. ಆದರೆ ನಾವು ಊಟ ಬಿಟ್ಟರೂ ಲಿವರ್ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಗಡ್ಡೆ ಉಪವಾಸ ಬೀಳಲ್ಲ, ಸೊರಗೋದು ಅಪ್ಪನೇ ಅಲ್ವಾ? ನಾನು ಹೇಳಿದರೆ ಕೇಳಲ್ಲ. ಕಲಬುರಗಿಯಲ್ಲಿ ಕ್ಯಾನ್ಸರ್ ರೋಗಿಗಳನ್ನು ಕೂರಿಸಿಕೊಂಡು ಸಮಾಧಾನವಾಗಿ ತಿಳಿಸಿ ಹೇಳುವ ಡಯಟಿಷಿಯನ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಬೀದರ್ ಆದರೂ ಕರೆದುಕೊಂಡು ಹೋಗುತ್ತೇನೆ.