ಪ್ರಾಯ, ಚುರುಕು, ಪಳಗು: ವಯಸ್ಸಾದವರ ಬುದ್ಧಿಯ ಬಗ್ಗೆ ಕೆಲವು ಪದಗಳ ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವನು. ಮೂವತ್ತು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಮಾಡಿ ಈಗ ಮನೆಯಲ್ಲಿದ್ದೇನೆ. ನೆರೆಮನೆಯ ಹುಡುಗಿ ಮನಃಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಪ್ರಾಯ ಆದಂತೆ ನೆನಪು, ಗಮನ, ಮಾತು, ಲೆಕ್ಕ ಎಲ್ಲ ಹೇಗೆ ಬದಲಾಗುತ್ತವೆ ಎಂಬುದು ಅವಳ ವಿಷಯ. ನಮ್ಮ ಕಡೆಯ ಕನ್ನಡದ ಹಿರಿಯರನ್ನು ಕೇಳಲಿಕ್ಕೆ ಒಂದು ಪ್ರಶ್ನೆಪಟ್ಟಿ ಮಾಡಿದ್ದಾಳೆ. "ಮಾಷ್ಟ್ರೇ, ಕನ್ನಡ ಒಮ್ಮೆ ನೋಡಿ ಕೊಡಿ" ಎಂದು ತಂದಳು. ನೋಡಲು ಕೂತವನು ಮೊದಲ ಸಾಲಿನಲ್ಲೇ ನಿಂತುಬಿಟ್ಟೆ.

ಅವಳು ಬರೆದದ್ದು "ನಿಮ್ಮ ಪ್ರಾಯ ಎಷ್ಟು?" ಎಂದು. ಅವಳ ಮಾರ್ಗದರ್ಶಕರು ಘಟ್ಟದ ಮೇಲಿನವರು. ಅದನ್ನು ಕೆಂಪಿನಲ್ಲಿ ಹೊಡೆದು "ವಯಸ್ಸು" ಎಂದು ಮಾಡಿದ್ದಾರೆ. ಪಕ್ಕದಲ್ಲಿ, ಪ್ರಾಯ ಅಂದರೆ ಯೌವನ ಎಂದು ಬರೆದಿದ್ದಾರೆ. ಅವರದ್ದೂ ತಪ್ಪಲ್ಲ. ಮೈಸೂರು ಕಡೆ "ಪ್ರಾಯದ ಹುಡುಗ" ಎಂದರೆ ಏರು ಜವ್ವನದವನು. "ಪ್ರಾಯಕ್ಕೆ ಬಂದ ಮಗಳು" ಎಂದರೂ ಹಾಗೆಯೇ. ನಮ್ಮಲ್ಲಿ ಮಾತ್ರ ಹುಟ್ಟಿದ ಮಗುವಿಗೂ ಪ್ರಾಯ ಉಂಟು, ತೊಂಬತ್ತರ ಅಜ್ಜನಿಗೂ ಉಂಟು. "ಅವರಿಗೆ ಪ್ರಾಯ ಆಯ್ತು" ಎಂದರೆ ಮುದುಕರಾದರು ಎಂದೇ ಅರ್ಥ. ತುಳುವಿನಲ್ಲೂ ಹಾಗೆಯೇ, ಮಲೆಯಾಳದ "ಪ್ರಾಯಂ" ಕೂಡ ಅದೇ. ಸಂಸ್ಕೃತದಲ್ಲಿ ಪ್ರಾಯಕ್ಕೆ ಬದುಕಿನ ಯಾವುದೇ ಒಂದು ಘಟ್ಟ ಎಂಬ ಅರ್ಥವೂ ಇದೆ. ಹಾಗಾಗಿ ಇದು ನಾವು ಮಲೆಯಾಳದ ಸಹವಾಸದಲ್ಲಿ ಕೆಡಿಸಿಕೊಂಡ ಪದ ಅಲ್ಲ. ದಕ್ಷಿಣ ಕನ್ನಡದಲ್ಲಿಯೂ ಹೀಗೇ ಹೇಳುತ್ತಾರೆ. ನನ್ನ ಮೊದಲ ಪ್ರಶ್ನೆ ಇದು: ಘಟ್ಟ ಹತ್ತುವಾಗ ಯಾವ ಊರಿನಲ್ಲಿ ಈ ಪದ ಮುದುಕರನ್ನು ಬಿಟ್ಟು ಎಳೆಯರ ಕಡೆ ಹೋಗುತ್ತದೆ? ಮಡಿಕೇರಿ, ಸಕಲೇಶಪುರ, ಶೃಂಗೇರಿ ಕಡೆಯವರು ದಯವಿಟ್ಟು ತಿಳಿಸಿ.

ಸುಮ್ನೆ ಊರಿನ ಅಭಿಮಾನಕ್ಕೆ ಕೇಳುತ್ತಿಲ್ಲ. ಈ ಸಂಶೋಧನೆಗೆ "ವೃದ್ಧಾಪ್ಯ", "ಮುಪ್ಪು" ಎಂಬ ಪದಗಳು ಹೊಂದುವುದೇ ಇಲ್ಲ. ಮುಪ್ಪು ಎಂದರೆ ಕೊನೆಯ ಘಟ್ಟ. ಇವರು ನೋಡುವುದು ಇಡೀ ದಾರಿಯನ್ನು. ಅಮೆರಿಕದ ಸಿಯಾಟಲ್‌ನಲ್ಲಿ ವಾರ್ನರ್ ಶಾಯ್ ಎಂಬವರು 1956ರಲ್ಲಿ ಇಪ್ಪತ್ತರ ಪ್ರಾಯದಿಂದ ಅರವತ್ತು ದಾಟಿದವರ ವರೆಗೆ ಸುಮಾರು 500 ಜನರನ್ನು ಪರೀಕ್ಷಿಸಿದರು. ಆಮೇಲೆ ಏಳೇಳು ವರ್ಷಕ್ಕೊಮ್ಮೆ ಅವರನ್ನೇ ಮತ್ತೆ ಹುಡುಕಿ ಪರೀಕ್ಷಿಸಿದರು, ಹೊಸಬರನ್ನೂ ಸೇರಿಸಿಕೊಂಡರು. ಅದು ಶುರುವಾದದ್ದು ಒಬ್ಬ ಪಿಎಚ್‌ಡಿ ವಿದ್ಯಾರ್ಥಿಯ ಕೆಲಸವಾಗಿಯೇ. (1956 ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ವರ್ಷ. ಆ ಇಸವಿ ಓದಿದ ಕೂಡಲೇ ನನಗೆ ನೆನಪಾದದ್ದು ಅದು.) ಇಪ್ಪತ್ತರವನಿಗೂ ಪ್ರಾಯ ಆಗುತ್ತಲೇ ಇರುತ್ತದೆ ಅಲ್ವಾ? "ಪ್ರಾಯ ಆಗುವುದು" ಎಂಬ ನಮ್ಮ ಮಾತು ಆ ನಡಿಗೆಯನ್ನು ಹೇಳುತ್ತದೆ. "ವಯಸ್ಸಾಗುವುದು" ಎಂದರೂ ಸರಿ. ಆದರೆ ಹಾಳೆ ನಮ್ಮೂರಿನ ಹಿರಿಯರಿಗೆ. ಅವರ ಬಾಯಲ್ಲಿರುವುದು ಪ್ರಾಯ.

ಪ್ರಶ್ನೆಪಟ್ಟಿಯನ್ನು ಮೊದಲು ನಮ್ಮ ಮನೆಯಲ್ಲೇ ನೋಡೋಣ ಎಂದು ನನ್ನ ಸೋದರತ್ತೆಯ ಮುಂದೆ ಇಟ್ಟೆವು. ಅತ್ತೆಗೆ 81. ಮನೆಮಾತು ಹವ್ಯಕ. ಕೆಲಸದವರ ಜೊತೆ ತುಳು, ಅಂಗಡಿಯಲ್ಲಿ ಮಲೆಯಾಳ, ಪತ್ರಿಕೆ ಓದುವುದು ಕನ್ನಡದಲ್ಲಿ. ಜಗಲಿಯಲ್ಲಿ ಕೂತು, ಒಂದು ನಿಮಿಷದಲ್ಲಿ ನೆನಪಾದಷ್ಟು ಪ್ರಾಣಿಗಳ ಹೆಸರು ಹೇಳಿ ಎಂದಳು ಹುಡುಗಿ. ಅತ್ತೆ ಶುರು ಮಾಡಿದರು: ದನ, ಕಂಜಿ, ನಾಯಿ, ಪುಚ್ಚೆ, ಕಾಟಿ, ಬರಿಂಕ... ಹುಡುಗಿಯ ಪೆನ್ನು ಪುಚ್ಚೆಯ ಹತ್ತಿರ ನಿಂತಿತು. ಉತ್ತರದ ಹಾಳೆಯಲ್ಲಿ ಇರುವುದು ಬೆಕ್ಕು. ಪುಚ್ಚೆ ತುಳುವೂ ಹೌದು, ಹವ್ಯಕರ ಮನೆಯ ಮಾತೂ ಹೌದು. ಅದಕ್ಕೆ ಅಂಕ ಕೊಡಬೇಕೇ ಎಂದು ಕೇಳಿದಳು. ಕೊಡಲೇಬೇಕು ಎಂದೆ. ಅತ್ತೆಗೆ ಅದು ಬೇರೆ ಭಾಷೆ ಅಲ್ಲ, ಅವರ ಬೆಕ್ಕಿನ ಹೆಸರೇ ಅದು. ದೂರದ ಊರಿನಲ್ಲಿ ಕೂತು ಅಂಕ ಹಾಕುವವರು ಇಂಥ ನಾಲ್ಕು ಪದ ಕಳೆದರೆ, ಚೆನ್ನಾಗಿರುವ ಹಿರಿಯರ ಬುದ್ಧಿ ಕಾಗದದಲ್ಲಿ ಕುಗ್ಗಿಹೋಗುತ್ತದೆ. ಇದು ಸಣ್ಣ ವಿಷಯ ಅಲ್ಲ.

ಬಹುಭಾಷೆಯ ಮಾತು ಬಂದದ್ದಕ್ಕೆ ಇದನ್ನೂ ಹೇಳುತ್ತೇನೆ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಅವರ ಜೊತೆಯವರು ಡಿಮೆನ್ಶಿಯ (ನೆನಪು, ಮಾತು, ದಿನದ ಕೆಲಸ ಎಲ್ಲ ತಪ್ಪಿಹೋಗುವ ಮೆದುಳಿನ ಕಾಯಿಲೆ) ಇರುವ 648 ಜನರ ವಿವರ ನೋಡಿ 2013ರಲ್ಲಿ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಕಾಣಿಸಿಕೊಂಡದ್ದು ಸುಮಾರು ನಾಲ್ಕೂವರೆ ವರ್ಷ ತಡವಾಗಿ. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತು. ಸಪ್ತಭಾಷಾ ಸಂಗಮ ಎಂದು ಹೇಳಿಕೊಳ್ಳುವ ನಮ್ಮ ಜಿಲ್ಲೆಯಲ್ಲಿ ಇಂಥ ಅಧ್ಯಯನ ಆಗಬೇಕು ಎಂದು ನನಗೆ ತುಂಬ ಆಸೆ.

ಮುಂದಿನ ಪ್ರಶ್ನೆ "ನಿಮಗೆ ಪದಗಳು ಮರೆತುಹೋಗುತ್ತವೆಯೇ?" ಎಂದು. ಅತ್ತೆ ಖಡಾಖಂಡಿತ ಇಲ್ಲ ಎಂದರು. ಐದು ನಿಮಿಷದ ನಂತರ ಹಳೆಯ ಪರಿಚಯದವರೊಬ್ಬರ ಹೆಸರು ಹೇಳಲು ಹೋಗಿ ನಿಂತುಬಿಟ್ಟರು. ಅವರ ಮನೆ ಎಲ್ಲಿ, ಮಕ್ಕಳೆಷ್ಟು, ಯಾವ ವರ್ಷ ಮದುವೆ, ಎಲ್ಲ ಹೇಳಿದರು. ಹೆಸರು ಮಾತ್ರ ಇಲ್ಲ. "ಮನಸ್ಸಿಲಿ ಇದ್ದು, ಬಾಯಿಗೆ ಬತ್ತಿಲ್ಲೆ" ಎಂದರು.

ಈ ಒಂದು ವಾಕ್ಯದಲ್ಲಿ ಎಷ್ಟು ವಿಷಯ ಉಂಟು ನೋಡಿ. ರೋಜರ್ ಬ್ರೌನ್ ಮತ್ತು ಡೇವಿಡ್ ಮ್ಯಾಕ್‌ನೀಲ್ 1966ರಲ್ಲಿ ಇದನ್ನೇ ಪ್ರಯೋಗ ಮಾಡಿ ನೋಡಿದ್ದರು. ಅಪರೂಪದ ಪದಗಳ ಅರ್ಥ ಓದಿ ಹೇಳಿ, ಪದ ಯಾವುದು ಎಂದು ವಿದ್ಯಾರ್ಥಿಗಳನ್ನು ಕೇಳಿದರು. ಪದ ಬಾರದೆ ಒದ್ದಾಡುವವರಿಗೂ ಅದರ ಮೊದಲ ಅಕ್ಷರ, ಅದು ಎಷ್ಟು ಉದ್ದ ಎಂಬುದು ಎಷ್ಟೋ ಸಲ ಗೊತ್ತಿರುತ್ತಿತ್ತು. 1991ರಲ್ಲಿ ಡೆಬೊರಾ ಬರ್ಕ್ ಮತ್ತು ಜೊತೆಯವರು ತೋರಿಸಿದ ಹಾಗೆ, ಪ್ರಾಯ ಆದವರಿಗೆ ಇದು ಜಾಸ್ತಿ ಆಗುತ್ತದೆ. ಅದರಲ್ಲೂ ಜನರ ಹೆಸರು ಹೇಳುವಾಗ. ಅರ್ಥ ಅಲ್ಲೇ ಇದೆ. ಅರ್ಥದಿಂದ ಉಚ್ಚಾರಕ್ಕೆ ಹೋಗುವ ಕೊಂಡಿ ಸಡಿಲ ಆಗುತ್ತದೆ ಎಂಬುದು ಅವರ ವಿವರಣೆ. ಅಂದರೆ ಇದು ಮರೆವು ಅಲ್ಲ. ಅತ್ತೆ "ಮರೆತುಹೋಗುವುದಿಲ್ಲ" ಎಂದದ್ದೂ ಸರಿ, ತಪ್ಪಿದ್ದು ನಮ್ಮ ಪ್ರಶ್ನೆ. "ಮರೆತುಹೋಗುತ್ತದೆಯೇ" ಬೇರೆ, "ಬಾಯಿಗೆ ಬಾರದೆ ಇರುತ್ತದೆಯೇ" ಬೇರೆ. ಈಗ ಹಾಳೆಯಲ್ಲಿ ಎರಡನ್ನೂ ಬೇರೆ ಬೇರೆ ಕೇಳಿದ್ದೇವೆ.

ಬೆನೆಟ್ ಶ್ವಾರ್ಟ್ಸ್ ಎಂಬವರು 1999ರಲ್ಲಿ 51 ಭಾಷೆಗಳನ್ನು ವಿಚಾರಿಸಿದಾಗ 45ರಲ್ಲಿ ಈ ಅನುಭವಕ್ಕೆ ನಾಲಿಗೆಯ ಮಾತೇ ಸಿಕ್ಕಿತಂತೆ. ನಮ್ಮ "ನಾಲಿಗೆ ತುದಿಯಲ್ಲಿದೆ", ತುಳುವಿನ "ನಾಲಾಯಿದ ಕೊಡಿಟ್ ಉಂಡು" ಅದೇ ಸಾಲಿನವು. ಅತ್ತೆಯ ಮಾತಿನಲ್ಲಿ ನಾಲಿಗೆ ಇಲ್ಲ, ಮನಸ್ಸು ಮತ್ತು ಬಾಯಿ ಇದೆ. ನನಗೆ ಅದೇ ಹೆಚ್ಚು ಹಿಡಿಸಿತು.

ಇನ್ನು ನನ್ನ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಹಾಳೆಯ ಹಿಂಬದಿಯ ವಿವರಣೆಯಲ್ಲಿ "ದ್ರವ ಬುದ್ಧಿಮತ್ತೆ" ಮತ್ತು "ಸ್ಫಟಿಕೀಕೃತ ಬುದ್ಧಿಮತ್ತೆ" ಎಂದು ಎರಡು ಪದಗಳಿದ್ದವು. ರೇಮಂಡ್ ಕ್ಯಾಟೆಲ್ 1940ರ ದಶಕದಲ್ಲಿ ಮಾಡಿದ ವಿಂಗಡಣೆ ಇದು. ಆಮೇಲೆ ಅವರ ಶಿಷ್ಯ ಜಾನ್ ಹಾರ್ನ್ ಬೆಳೆಸಿದರು. ಹಿಂದೆ ಕಾಣದ ಸಮಸ್ಯೆಯನ್ನು ಆ ಹೊತ್ತಿಗೆ ಬಿಡಿಸುವ ಬುದ್ಧಿ ಒಂದು. ಕಲಿತು, ಮಾಡಿ, ವರ್ಷಗಟ್ಟಲೆ ಕೂಡಿಟ್ಟದ್ದು ಇನ್ನೊಂದು. ಮೊದಲನೆಯದು ಎಳೆ ಪ್ರಾಯದಲ್ಲೇ ಏರಿ, ಮೆಲ್ಲ ಇಳಿಯುತ್ತದೆ. ಎರಡನೆಯದು ಅರವತ್ತು ದಾಟಿದರೂ ಜಾಸ್ತಿ ಅಲ್ಲಾಡುವುದಿಲ್ಲ. ಇಳಿಯುವುದರಲ್ಲಿ ದೊಡ್ಡ ಪಾಲು ವೇಗದ್ದು ಎಂದು ಟಿಮೊಥಿ ಸಾಲ್ಟ್‌ಹೌಸ್ 1996ರಲ್ಲಿ ವಾದ ಮಾಡಿದರು. ತಲೆ ಕೆಲಸ ಮಾಡುತ್ತದೆ, ನಿಧಾನ ಮಾಡುತ್ತದೆ.

ಸ್ಫಟಿಕೀಕೃತ ಎಂದರೆ ನಮ್ಮ ಹಿರಿಯರಿಗೆ ಏನು ತಿಳಿಯಬೇಕು? ಕಲ್ಲುಸಕ್ಕರೆ ನೆನಪಾದೀತು. ಇದಕ್ಕೆ ಕನ್ನಡ ಬೇಕು ಎಂದು ಯೋಚಿಸುತ್ತಾ ಇರುವಾಗಲೇ ಅದು ಕಣ್ಣೆದುರಿಗೆ ನಡೆಯಿತು.

ಅತ್ತೆ ಸಾಯಂಕಾಲ ಗೋಣಿ ಹಾಸಿ ಅಡಿಕೆ ಆರಿಸಲು ಕೂತರು. ಜೊತೆಗೆ ನನ್ನ ತಮ್ಮನ ಮಗ, ಇಪ್ಪತ್ತು ವರ್ಷದವನು. ಅಂಕೆಗಳಿಗೆ ಗುರುತು ಹೊಂದಿಸುವ ಪರೀಕ್ಷೆಯಲ್ಲಿ ಅವನು ಅತ್ತೆಗಿಂತ ಎಷ್ಟೋ ಮುಂದೆ ಇದ್ದ. ಇಲ್ಲಿಯೂ ಅವನ ಕೈಯೇ ಬೇಗ. ಒಳ್ಳೆ ಚಾಲಿ ಅಡಿಕೆ ಒಂದು ಕಡೆ, ಅದಕ್ಕಿಂತ ಕೀಳು ದರ್ಜೆಯ ಪಟೋರ ಒಂದು ಕಡೆ, ಕರಿಗೋಟು ಒಂದು ಕಡೆ, ಸರಸರ ಎಸೆಯುತ್ತಿದ್ದ. ಅತ್ತೆ ಒಂದೊಂದನ್ನೇ ಬೆರಳಲ್ಲಿ ತಿರುಗಿಸಿ ಹಾಕುತ್ತಿದ್ದರು. ಒಮ್ಮೆ ಅವನು ಚಾಲಿಯ ರಾಶಿಗೆ ಒಂದು ಅಡಿಕೆ ಎಸೆದ. ಅತ್ತೆ ತಲೆ ಎತ್ತದೆ, ಕೈ ಚಾಚಿ ಅದನ್ನೇ ಹೆಕ್ಕಿ ಪಟೋರಕ್ಕೆ ಹಾಕಿದರು. ಹೇಗೆ ಗೊತ್ತಾಯ್ತು ಎಂದು ಹುಡುಗಿ ಕೇಳಿದಳು. ಬಿದ್ದ ಸದ್ದು ಸರಿ ಇಲ್ಲ ಎಂದರು. ಕತ್ತರಿಸಿ ನೋಡಿದೆವು. ಒಳಗೆ ಟೊಳ್ಳು.

"ಅಜ್ಜಿಯ ಕೈ ಪಳಗಿದೆ" ಎಂದಳು ಹುಡುಗಿ. ಕೈ ಅಲ್ಲ, ಕಿವಿ ಮತ್ತು ಬುದ್ಧಿ ಎಂದೆ. ಹಾಗೆ ಹೇಳಿದ ಮೇಲೆ ನನಗೇ ಹೊಳೆಯಿತು: ಪಳಗಿದ ಬುದ್ಧಿ.

ಈ ಪಳಗು ಎಂಬ ಪದವನ್ನು ಬಿಡಿಸಿದರೆ ಇನ್ನೂ ಚಂದ. ಹಳಗನ್ನಡದಲ್ಲಿ ಇದು ಪೞಗು. ಹಳೆಯ ಎಂಬುದು ಪೞೆಯ. ಎರಡಕ್ಕೂ ಬೇರು ಒಂದೇ. ತಮಿಳಿನಲ್ಲಿ ಪೞಕು ಎಂದರೆ ರೂಢಿಯಾಗು, ಅಭ್ಯಾಸ ಆಗು. ಅದರಿಂದಲೇ ಅವರ ಪೞಕ್ಕಂ ಬಂತು. ಅದೇ ಪದ ಮಲೆಯಾಳದಲ್ಲಿ ಪೞಕುಕ, ಅರ್ಥ ಹಳತಾಗುವುದು. ಒಂದೇ ಬೇರು ಒಂದು ಕಡೆ ಹಳತಾಗುವುದನ್ನು, ಇನ್ನೊಂದು ಕಡೆ ಕೈ ಕುದುರುವುದನ್ನು ಹೇಳುತ್ತದೆ. ಕನ್ನಡ ಎರಡನ್ನೂ ಉಳಿಸಿಕೊಂಡಿದೆ, ಉಚ್ಚಾರ ಮಾತ್ರ ಬೇರೆಯಾಗಿ ಹಳೆ, ಪಳಗು ಎಂದಾಗಿದೆ. ಗಡಿಯಲ್ಲಿ ಕೂತು ಮೂರು ಭಾಷೆ ಕೇಳುವ ನಮಗೆ ಈ ನೆಂಟಸ್ತನ ಬೇಗ ಕಾಣುತ್ತದೆ.

ಹಾಗಾಗಿ ನನ್ನ ಸಲಹೆ: ಮೊದಲನೆಯದಕ್ಕೆ "ಚುರುಕು ಬುದ್ಧಿ", ಎರಡನೆಯದಕ್ಕೆ "ಪಳಗಿದ ಬುದ್ಧಿ". ಒಂದು ಅನುಮಾನ ಇದೆ. ಘಟ್ಟದ ಮೇಲೆ ಪಳಗಿದ್ದು ಎಂದರೆ ಆನೆ, ಎತ್ತು ನೆನಪಾಗುತ್ತದೆಯೇ? ಪಳಗಿಸಿದ, ಅಂದರೆ ಬಗ್ಗಿಸಿದ ಬುದ್ಧಿ ಎಂದು ಕೇಳಿಸುತ್ತದೆಯೇ? "ಮಾಗಿದ ಬುದ್ಧಿ" ಎಂದು ನೋಡಿದೆ. ಅದು ವಿವೇಕದ ಕಡೆ ಹೋಗುತ್ತದೆ. ಅಡಿಕೆಯ ಸದ್ದು ಹಿಡಿಯುವುದು ವಿವೇಕ ಅಲ್ಲ. "ನುರಿತ ಬುದ್ಧಿ" ಎಂದೂ ಹೇಳಬಹುದು, ಆದರೆ ಅದರಲ್ಲಿ ವರ್ಷಗಳ ಭಾರ ಇಲ್ಲ ಎಂದು ನನ್ನ ಅನಿಸಿಕೆ. ನೆನಪು, ಗಮನ, ಯೋಚನೆ ಎಲ್ಲ ಸೇರಿದ ಕಾಗ್ನಿಶನ್ ಎಂಬುದಕ್ಕೆ "ಸಂಜ್ಞಾನ" ಎಂದು ಇತ್ತು, "ಅರಿವು" ಎಂದು ಬದಲಿಸಿದೆ. ಅದರ ಬಗ್ಗೆ ಜಾಸ್ತಿ ಜಗಳ ಬೇಡ.

ಜಗಳ ಬೇಕಾದದ್ದು ಕಾಯಿಲೆಯ ಹೆಸರಿನ ಬಗ್ಗೆ. ಹಾಳೆ ಕಂಡ ಕೂಡಲೇ ಅತ್ತೆ ಕೇಳಿದ ಮೊದಲ ಮಾತು: "ಮಾಣೀ, ಎನಗೆ ಅರಳುಮರಳು ಹೇಳಿ ನೋಡ್ಲೆ ಬಂದದಾ?" ಮುಖದಲ್ಲಿ ನಗು ಇರಲಿಲ್ಲ. ಆ ಭಯ ನನಗೆ ಈಗಲೂ ಮನಸ್ಸಿನಿಂದ ಹೋಗಿಲ್ಲ. ಅರವತ್ತಕ್ಕೆ ಅರಳುಮರಳು ಎಂದು ನಾವೆಲ್ಲ ಸಲೀಸಾಗಿ ಹೇಳುತ್ತೇವೆ. ಆ ಮರಳು ಹೊಯಿಗೆ ಅಲ್ಲ, ಮರುಳು. ಬುದ್ಧಿ ಭ್ರಮೆ. ಬೇಂದ್ರೆಯವರು ಅರವತ್ತರ ಸುಮಾರಿಗೆ ತಮ್ಮ ಸಂಕಲನಕ್ಕೆ ಅದೇ ಹೆಸರಿಟ್ಟರು, 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವೂ ಬಂತು. ಮತ್ತೆ ಅರಳುವುದು ಎಂಬ ಅರ್ಥವೂ ಆ ಹೆಸರಿನಲ್ಲಿ ಕೇಳುತ್ತದೆ. ಜನರ ಬಾಯಲ್ಲಿ ಮಾತ್ರ ಅರ್ಥ ತಿರುಗಲಿಲ್ಲ.

ಭಾರತದಲ್ಲಿ 60 ದಾಟಿದವರಲ್ಲಿ ಡಿಮೆನ್ಶಿಯ ಇರುವವರು ಶೇ. 7.4 ಎಂಬುದು 2023ರಲ್ಲಿ ಪ್ರಕಟವಾದ ಅಂದಾಜು. ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಅದು ಇಲ್ಲ. ಹೆಸರು ಬಾಯಿಗೆ ಬಾರದ್ದು, ಲೆಕ್ಕ ನಿಧಾನ ಆದದ್ದು ಕಾಯಿಲೆ ಅಲ್ಲ. ಆದರೆ ನಮ್ಮ ಪದಗಳು ಇಬ್ಬರನ್ನೂ ಒಂದೇ ಗೋಣಿಗೆ ತುಂಬುತ್ತವೆ. ಮರೆವು, ಮರೆಗುಳಿತನ, ಅರಳುಮರಳು, ಎಲ್ಲ ಎಲ್ಲರಿಗೂ. ಕೆಲವು ಕಡೆ "ಬುದ್ಧಿಮಾಂದ್ಯ" ಎಂದೂ ಬರೆಯುತ್ತಾರೆ, ಅದಂತೂ ಹುಟ್ಟಿನಿಂದ ಇಲ್ಲವೇ ಎಳವೆಯಿಂದ ಇರುವ ಬೇರೆಯೇ ಸ್ಥಿತಿಯ ಹೆಸರು. ಡಿಮೆನ್ಶಿಯದಲ್ಲಿ ಕೆಡುವುದು ಬರೀ ನೆನಪೂ ಅಲ್ಲ. ಮಾತು, ದಾರಿ, ದಿನದ ಕೆಲಸ ಎಲ್ಲ ತಪ್ಪುತ್ತದೆ. ಜಪಾನಿನಲ್ಲಿ ಈ ಕಾಯಿಲೆಗೆ ಇದ್ದ "ಚಿಹೋ" ಎಂಬ ಹೆಸರಿನಲ್ಲಿ ದಡ್ಡತನದ ಅರ್ಥ ಇತ್ತು. 2004ರಲ್ಲಿ ಅಲ್ಲಿನ ಸರಕಾರ ಅದನ್ನು ಬಿಟ್ಟು "ನಿಂಚಿಶೋ" ಎಂದು ಮಾಡಿತು, ಅರಿವಿನ ಕಾಯಿಲೆ ಎಂಬಂಥ ಅರ್ಥದಲ್ಲಿ. ಮಲೆಯಾಳದವರಲ್ಲಿ "ಮೇಧಾಕ್ಷಯಂ" ಇದೆ. ನಮಗೆ "ಅರಿವಳಿಕೆ" ಎನ್ನೋಣ ಎಂದರೆ ಅದನ್ನು ಆಪರೇಷನ್ ಮಾಡುವ ಡಾಕ್ಟರರು ಆಗಲೇ ತೆಗೆದುಕೊಂಡಿದ್ದಾರೆ. ಸದ್ಯಕ್ಕೆ ಹಾಳೆಯಲ್ಲಿ ಡಿಮೆನ್ಶಿಯ ಎಂದೇ ಇಟ್ಟಿದ್ದೇನೆ. ಒಳ್ಳೆಯ ಪದ ಇದ್ದವರು ಕೊಡಿ.

ಮಳೆ ಬಿಟ್ಟ ಮೇಲೆ ಹುಡುಗಿ ಮನೆಮನೆಗೆ ಹೊರಡುತ್ತಾಳೆ. ಅದಕ್ಕೆ ಮೊದಲು ಹಾಳೆ ಅಚ್ಚಾಗಬೇಕು. ನಿಮ್ಮಲ್ಲಿ ಒಂದು ಕೋರಿಕೆ. ಮನೆಯಲ್ಲಿ ಹಿರಿಯರು ಇದ್ದರೆ, ಗೊತ್ತಿದ್ದ ಹೆಸರು ಬಾಯಿಗೆ ಬಾರದೆ ಇದ್ದಾಗ ಅವರು ಏನು ಹೇಳುತ್ತಾರೆ ಎಂದು ಸ್ವಲ್ಪ ಕಿವಿಗೊಟ್ಟು ಕೇಳಿ. ಅದನ್ನು ತಿದ್ದದೆ, ಅವರ ಮನೆಮಾತಿನಲ್ಲೇ, ಊರಿನ ಹೆಸರಿನ ಜೊತೆ ಬರೆದು ಕಳುಹಿಸಿ. ಪ್ರಾಯದ ಗಡಿ ಮತ್ತು ಪಳಗಿದ ಬುದ್ಧಿಯ ಬಗ್ಗೆಯೂ ಎರಡು ಸಾಲು ಸೇರಿಸಿದರೆ ಉಪಕಾರ.